ಮಲ್ಲಕ್ಕನ ಹೆಸರಿನ ಗಾಲಾ

ವಿನೋದಿನಿ ಯಾವ ಕಾಗದವನ್ನೂ ಒಂದು ಸಲ ಓದಿ ಇಡುವವಳಲ್ಲ. ಇಪ್ಪತ್ತೊಂದು ವರ್ಷ ಚೆಂಬೂರಿನ ಕಾಲೇಜೊಂದರ ಆಫೀಸಿನಲ್ಲಿ ಕೂತು ಮಕ್ಕಳ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ತಾಳೆ ನೋಡಿ ನೋಡಿ ಬಂದ ಅಭ್ಯಾಸ. ಮನೆಯ ಬಾಡಿಗೆ ಕರಾರನ್ನಂತೂ ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗಿ ಓದಬೇಕಾಗಿ ಬಂದು ಅದರ ಪ್ರತಿ ಕಲಮೂ ಅವಳಿಗೆ ಬಾಯಿಪಾಠ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಎಂಟು ಮನೆ ಬದಲಿಸಿದ್ದಳು. ಎಂಟರಲ್ಲಿ ಒಂದರ ಗೋಡೆಗೂ ಮಾಲೀಕರನ್ನು ಕೇಳದೆ ಮೊಳೆ ಹೊಡೆದವಳಲ್ಲ.

ಹಾಗಾಗಿ ಗಂಡ ಧನರಾಜ್ ಪೇಪರಿನಿಂದ ಕತ್ತರಿಸಿ ತಂದ ಪಾಲಿಕೆಯ ಹರಾಜು ಪ್ರಕಟಣೆಯನ್ನೂ ಅವಳು ಮೂರು ಸಲ ಓದಿದಳು. ತೆರಿಗೆ ಬಾಕಿಗಾಗಿ ಜಪ್ತಿಯಾದ ಇಪ್ಪತ್ತು ಆಸ್ತಿಗಳ ಪಟ್ಟಿ. ಧನರಾಜ್ ಪೆನ್ನಿನಿಂದ ಸುತ್ತು ಹಾಕಿದ್ದು ಹದಿನೇಳನೆಯದಕ್ಕೆ. ಜೋಗೇಶ್ವರಿಯ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಲಾ; ಕೆಳಗೆ ಶಟರಿನ ಒಂದು ಕೋಣೆ, ಮೇಲೆ ಅಟ್ಟ. ಮಾಲೀಕರು: ಮಲ್ಲಕ್ಕ ಪೂಜಾರ್ತಿ.

“ಹೆಸರು ನೋಡು, ನಮ್ಮ ಕಡೆಯವರೇ. ಊರಿಗೆ ಹೋಗಿ ಕೂತಿರಬೇಕು, ಬಾಕಿ ಕಟ್ಲಿಲ್ಲ,” ಅಂದ ಧನರಾಜ್. “ಬಜಾರಿನ ಅರ್ಧ ರೇಟಿಗೆ ಸಿಗ್ತದೆ ವಿನೂ. ಕೆಳಗೆ ನಮ್ಮದೇ ಅಡಿಗೆ, ಆಫೀಸುಗಳಿಗೆ ಡಬ್ಬ. ಸದ್ಯಕ್ಕೆ ಅಟ್ಟದಲ್ಲಿ ನಾವು.”

ಅವನಿಗೆ ಐವತ್ತೆರಡು. ಇಪ್ಪತ್ತಾರು ವರ್ಷ ಒಂದೇ ಹೋಟೆಲಿನ ಕ್ಯಾಶಿನಲ್ಲಿ ಕೂತವನು. ಆ ಬಿಲ್ಡಿಂಗು ಒಡೆಯುವುದೆಂದು ನಿಶ್ಚಯವಾಗಿ, ದೀಪಾವಳಿಗೆ ಹೋಟೆಲು ಬಂದ್ ಎಂದು ಧಣಿಗಳು ಹೇಳಿಯಾಗಿತ್ತು. ಆ ವಯಸ್ಸಿನವನನ್ನು ಇನ್ನು ಯಾವ ಕ್ಯಾಶಿನಲ್ಲಿ ಯಾರು ಕೂರಿಸುತ್ತಾರೆ? ಮಗಳು ಯಕ್ಷಿತಾ ಮೊಬೈಲಿನಿಂದ ತಲೆಯೆತ್ತಿ, “ಸಚ್ ಮೇ ಮಮ್ಮಿ? ನಮ್ದೇ? ಬ್ರೋಕರ್ ಅಂಕಲ್‌ಗೆ ಬೈ ಬೈ?” ಅಂದಳು. ವಿನೋದಿನಿ ನಕ್ಕಳು. ಆಮೇಲೆ ಷರತ್ತುಗಳ ಪುಟವನ್ನು ಇನ್ನೊಮ್ಮೆ ಓದಿದಳು. ಆಸ್ತಿ ಇದ್ದದ್ದು ಇದ್ದ ಹಾಗೆ. ಒಳಗೆ ಯಾರಾದರೂ ಇದ್ದರೆ ಬಿಡಿಸಿಕೊಳ್ಳುವುದು ಕೊಂಡವರ ಹೊಣೆ. ಹರಾಜು ಕೂಗುವುದರೊಳಗೆ ಮಾಲೀಕರ ಕಡೆಯವರು ಬಾಕಿ ತುಂಬಿದರೆ ಆಸ್ತಿ ಪಟ್ಟಿಯಿಂದ ಹೊರಗೆ. ಕೂಗಿದ ಮೇಲೂ ಹರಾಜು ಕಾಯಂ ಆಗಲು ಮೂವತ್ತು ದಿನ; ಅಷ್ಟರೊಳಗೆ ತುಂಬಿದರೂ ರದ್ದು.

ಆಸ್ತಿ ನೋಡಲು ಪಾಲಿಕೆ ಗೊತ್ತು ಮಾಡಿದ್ದ ದಿನ ಇಬ್ಬರೂ ಜೋಗೇಶ್ವರಿಗೆ ಹೋದರು. ಗಾಲಾದ ಶಟರು ಅರ್ಧ ತೆರೆದಿತ್ತು. ಒಳಗೆ ದೊಡ್ಡದೊಂದು ಗ್ರೈಂಡರು ತಿರುಗುತ್ತಿತ್ತು. ಅದರ ಮುಂದೆ ಚಡ್ಡಿ, ಬನಿಯನು ತೊಟ್ಟ ಮುದುಕನೊಬ್ಬ ಉದ್ದಿನ ಹಿಟ್ಟನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ.

ಧನರಾಜ್ ಹಿಂದಿಯಲ್ಲಿ ಏನೋ ಕೇಳಿದ. ಮುದುಕ ಹಿಂದಿಯಲ್ಲೇ ತಡವರಿಸಿದ. “ಒಳಗೆ ಜನ ಉಂಟಲ್ಲ,” ಎಂದು ವಿನೋದಿನಿ ಗಂಡನಿಗೆ ಕನ್ನಡದಲ್ಲಿ ಅಂದದ್ದೇ ತಡ, ಮುದುಕನ ಮುಖ ಅರಳಿತು.

“ಓ, ನಮ್ಮವರಾ! ಎಂತ ಮಾರಾಯ್ರೆ, ಸುಮ್ಮನೆ ಹಿಂದಿ ಮಾತಾಡಿಸಿ ಮುದುಕನ ಗಂಟಲು ಒಣಗಿಸಿದ್ರಲ್ಲ! ಬನ್ನಿ, ಕೂತ್ಕೊಳ್ಳಿ. ಹಿಟ್ಟಿನ ಆರ್ಡರಿಗೆ ಬಂದದ್ದಾ?”

“ಹಾಗೇ... ನೋಡಿ ಹೋಗುವ ಅಂತ,” ಅಂದ ಧನರಾಜ್.

ಬೆಲ್ಲ, ನೀರು ಬಂತು. ಮುದುಕನ ಹೆಸರು ದೂಜ ಪೂಜಾರಿ. ಮುಲ್ಕಿ ಕಡೆಯವನು. ಹದಿನಾಲ್ಕನೇ ವಯಸ್ಸಿಗೆ ಬಂದು ಗೋರೆಗಾಂವಿನ ಹೋಟೆಲಿನಲ್ಲಿ ನಲವತ್ತೊಂದು ವರ್ಷ ಒಲೆಯ ಮುಂದೆ ನಿಂತವನು. ಕನ್ನಡದ ರಾತ್ರಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ ತನಕ ಓದು. ಮದುವೆಯಾಗಲಿಲ್ಲ. ದುಡಿದದ್ದನ್ನೆಲ್ಲ ಸೇರಿಸಿ ಈ ಗಾಲಾ ತೆಗೆದುಕೊಂಡು ಹೋಟೆಲುಗಳಿಗೆ ಇಡ್ಲಿ ಹಿಟ್ಟು ರುಬ್ಬಿ ಕೊಡುತ್ತಿದ್ದ. ಈಗ ಸುತ್ತಮುತ್ತಲಿನ ಹತ್ತು ಹನ್ನೆರಡು ಮನೆಗಳಿಗಷ್ಟೇ.

“ಹಾಗಾದರೆ ಮಲ್ಲಕ್ಕ ಅಂದ್ರೆ?” ವಿನೋದಿನಿ ಕೇಳಿದಳು.

“ನನ್ನ ಅಕ್ಕ. ಗಾಲಾ ಅವಳದ್ದು.”

“ದುಡ್ಡು ನಿಮ್ಮದಲ್ವಾ ದೂಜಣ್ಣ? ನಿಮ್ಮ ಹೆಸರಿಗೇ ಮಾಡಿಸಬಹುದಿತ್ತು.”

“ಒಳ್ಳೆ ಕತೆ!” ದೂಜಣ್ಣ ಜೋರಾಗಿ ನಕ್ಕ. “ನಾವು ಅಳಿಯಕಟ್ಟಿನವರು ಮಗಾ. ಗಂಡಸಿನ ಹೆಸರಲ್ಲಿ ಎಂತ ಮನೆ? ಮನೆ ಅಂದ್ರೆ ಅಕ್ಕಂದು. ನಾನು ನೋಡಿಕೊಳ್ಳುವವ. ರಿಜಿಸ್ಟ್ರಿ ದಿನ ಬಸ್ಸಿನಲ್ಲಿ ಬಂದು ಹೆಬ್ಬೆಟ್ಟು ಒತ್ತಿ ಹೋದವಳು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮಕ್ಕಳಿರಲಿಲ್ಲ ಅವಳಿಗೆ. ಹೋಗಿ ಏಳು ವರ್ಷ ಆಯ್ತು.”

ಗೋಡೆಯ ಮೇಲೆ ಅವಳ ಫೋಟೋ. ಅದರ ಕೆಳಗಿನ ಹಲಗೆಯ ಮೇಲೆ ಲಕೋಟೆಗಳ ಕಟ್ಟೊಂದು, ಮೇಲೆ ದಾಸವಾಳದ ಹೂವು. ವಿನೋದಿನಿಯ ಕಣ್ಣು ಅಲ್ಲೇ ನಿಂತಿತು. ಲಕೋಟೆಗಳ ಮೇಲಿನ ಪಾಲಿಕೆಯ ಗುರುತು ಅವಳಿಗೆ ಬಾಗಿಲಿನಿಂದಲೇ ಕಂಡಿತ್ತು. ಒಂದನ್ನೂ ಒಡೆದಿರಲಿಲ್ಲ.

“ಅಕ್ಕನ ಹೆಸರಿಗೆ ಬರ್ತದೆ,” ಅಂದ ದೂಜಣ್ಣ. “ಅವಳು ಇದ್ದಾಗ ಬಂದದ್ದನ್ನೆಲ್ಲ ಟಿಕೆಟು ಹಚ್ಚಿ ಊರಿಗೆ ಕಳಿಸ್ತಿದ್ದೆ. ಅವಳು ಮಾಸ್ಟ್ರ ಹತ್ರ ಓದಿಸಿ, ಇಷ್ಟು ಕಟ್ಟು ತಮ್ಮಾ ಅಂತ ಹೇಳಿ ಕಳಿಸ್ತಿದ್ಲು. ನಾನು ಹೋಗಿ ಕಟ್ತಿದ್ದೆ. ಈಗ ಹೇಳುವವರು ಯಾರು? ಸೊಸೈಟಿದ್ದು ತಿಂಗಳು ತಿಂಗಳು ಕೊಡ್ತೇನಲ್ಲ, ಎಲ್ಲ ಅದರಲ್ಲೇ ಬಂದಿರ್ತದೆ.”

“ಒಂದು ಸಲ ಒಡೆದು ನೋಡಬಾರದಿತ್ತಾ?”

“ಅವಳ ಕಾಗದ ನಾನು ಒಡೆಯುವುದುಂಟಾ?” ಅವನು ನಿಜವಾಗಿಯೂ ಬೆಚ್ಚಿದವನಂತೆ ಕಂಡ. “ಇದ್ದಾಗಲೂ ಒಡೆದವನಲ್ಲ. ಮೊನ್ನೆ ಒಂದು ಶಟರಿಗೆ ಅಂಟಿಸಿ ಹೋದ್ರು. ಅವಳ ಹೆಸರಿತ್ತು ಅಂತ ನೀರು ಹಚ್ಚಿ, ಹರಿಯದ ಹಾಗೆ ಬಿಡಿಸಿ ಇಟ್ಟೆ.” ಆಮೇಲೆ ಸ್ವಲ್ಪ ಯೋಚಿಸಿ, “ನೀನು ಓದಿದವಳ ಹಾಗೆ ಕಾಣ್ತಿ. ಹೆಣ್ಣುಮಕ್ಕಳು ಓದಿದ್ರೆ ಅವಳು ಬೇಜಾರು ಮಾಡ್ಲಿಕ್ಕಿಲ್ಲ. ಅದೊಂದು ನೋಡ್ತೀಯಾ ಮಗಾ?”

ಆ ಹಾಳೆ ನೀರಿಗೆ ಸುಕ್ಕುಗಟ್ಟಿತ್ತು. ಕೊನೆಯ ಎಚ್ಚರಿಕೆ. ಬಾಕಿ, ದಂಡ ಸೇರಿ ಎಂಟು ಲಕ್ಷದ ನಲವತ್ತಮೂರು ಸಾವಿರ. ಹದಿನೆಂಟನೇ ತಾರೀಖು ಹರಾಜು. ಅದಕ್ಕೆ ಮೊದಲು ಹಣ ತುಂಬಿದರೆ ಜಪ್ತಿ ರದ್ದು. ವಿನೋದಿನಿ ಮೂರು ಸಲ ಓದಿದಳು. ಧನರಾಜ್ ತಲೆಯೆತ್ತಿ ಮೇಲಿನ ಅಟ್ಟವನ್ನು ಕಣ್ಣಿನಿಂದಲೇ ಅಳೆಯುತ್ತಿದ್ದ. ಅವಳಿಗೆ ಅದು ಕಂಡಿತು.

“ಪಾಲಿಕೆಯವರದ್ದು,” ಅಂದಳು. “ಹದಿನೆಂಟನೇ ತಾರೀಖು ಹನ್ನೊಂದು ಗಂಟೆಗೆ ವಾರ್ಡ್ ಆಫೀಸಿನ ಮೂರನೇ ಮಾಳಿಗೆ ಅಂತ ಬರೆದಿದ್ದಾರೆ. ತೆರಿಗೆಯ ವಿಷಯ.”

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ಅಷ್ಟೇಯಾ! ಹೋಗಿ ಬರ್ತೇನೆ,” ಎಂದು ದೂಜಣ್ಣ ಹಾಳೆಯನ್ನು ಮಡಚಿ ಹೂವಿನ ಕೆಳಗೆ ಇಟ್ಟ. ಹೊರಡುವಾಗ ಒಂದು ಡಬ್ಬ ಹಿಟ್ಟು ಕೊಟ್ಟ. ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ.

ದಾದರಿನಲ್ಲಿ ಲೋಕಲು ಬದಲಿಸುವಾಗ ಸೇತುವೆಯ ಮೇಲೆ ಧನರಾಜ್, “ತಾರೀಖು ಹೇಳುವುದು ಬೇಕಿತ್ತಾ?” ಅಂದ.

“ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗ್ಲಿಲ್ಲ.”

“ಸುಳ್ಳು ಹೇಳು ಅಂದವರು ಯಾರು? ನೋಡು, ನಾವು ಬಿಟ್ರೆ ಯಾವನೋ ಏಜೆಂಟು ತಗೊಳ್ತಾನೆ. ಮರುದಿನವೇ ಮುದುಕನ ಪೆಟ್ಟಿಗೆ ರಸ್ತೆಗೆ ಬರ್ತದೆ. ನಾವಾದ್ರೆ ನಾಲ್ಕು ದಿನ ಹೆಚ್ಚು ಕೊಡ್ತೇವೆ. ನಮ್ಮವರು ಅಂತ ಒಂದು ಇರ್ತದಲ್ಲ.”

ಅವಳು ತಲೆಯಾಡಿಸಿದಳು. ಆ ಮಾತನ್ನು ಅವಳೂ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಗಂಡ ಮೊದಲು ಹೇಳಿದ, ಅಷ್ಟೇ. ಮರುದಿನ ಅದೇ ಹಿಟ್ಟಿನಲ್ಲಿ ಇಡ್ಲಿ ಮಾಡಿದಳು. ಅಂಥ ಹಗುರದ ಇಡ್ಲಿ ಅವಳ ಕೈಯಲ್ಲಿ ಹಿಂದೆಂದೂ ಆದದ್ದಿಲ್ಲ. ಅವಳಿಗೆ ಒಂದು ತಿನ್ನಲೂ ಆಗಲಿಲ್ಲ.

ಒಡವೆ ಮಾರಿ ಹರಾಜಿನ ಠೇವಣಿ ಕಟ್ಟಿದ್ದಾಯಿತು; ಉಳಿದದ್ದಕ್ಕೆ ಇಬ್ಬರ ಪಿ.ಎಫ್., ಬ್ಯಾಂಕಿನ ಸಾಲ ಎಂದು ಲೆಕ್ಕ. ನಡುವೆ ಒಂದು ಶನಿವಾರ, ಕಾಲೇಜಿನಲ್ಲಿ ಅರ್ಧ ದಿನದ ರಜೆ ಹಾಕಿ, ಯಾರಿಗೂ ಹೇಳದೆ ಅವಳು ಜೋಗೇಶ್ವರಿಗೆ ಹೋದಳು. ಹೇಳಬೇಕಾದ ಮಾತನ್ನು ಗಾಡಿಯಲ್ಲೇ ತೂಗಿ ನೋಡಿಕೊಂಡಿದ್ದಳು: ಬಾಕಿ ಇಷ್ಟು ದೂಜಣ್ಣ, ನಮ್ಮ ಊರಿನವರ ಸಂಘದಲ್ಲಿ ಕೇಳಿ, ಹಳೆ ಧಣಿಗಳನ್ನು ಕೇಳಿ, ಹೇಗಾದರೂ ಹದಿನೆಂಟರೊಳಗೆ ಕಟ್ಟಿ. ಸ್ಟೇಷನ್ನಿನ ಸೇತುವೆ ಇಳಿಯುವಾಗ ಯಕ್ಷಿತಾಳ ಫೋನು ಬಂತು. “ಮಮ್ಮಿ, ಬ್ರೋಕರ್ ಅಂಕಲ್ ಬಂದಿದ್ರು. ಮಾಲೀಕರ ಮಗನಿಗೆ ಶಾದಿ ಅಂತೆ. ನೆಕ್ಸ್ಟ್ ಮಂತ್ ಘರ್ ಖಾಲಿ ಮಾಡ್ಬೇಕಂತೆ.” ವಿನೋದಿನಿ ಮೆಟ್ಟಿಲಿನ ಮೇಲೆ ನಿಂತಳು. ಜನ ಬೈಯುತ್ತ ಅವಳನ್ನು ದಾಟಿ ಹೋದರು. ಆಮೇಲೆ ಮತ್ತೆ ಸೇತುವೆ ಹತ್ತಿ, ಮನೆಯ ಕಡೆಯ ಗಾಡಿ ಹಿಡಿದಳು.

ಹದಿನೆಂಟರಂದು ಅವರಿಬ್ಬರೂ ಹತ್ತೂವರೆಗೇ ವಾರ್ಡ್ ಆಫೀಸಿನ ಹಾಲಿನಲ್ಲಿದ್ದರು. ಪ್ಲಾಸ್ಟಿಕ್ ಕುರ್ಚಿಗಳು, ಕೂಗುವ ಫ್ಯಾನುಗಳು. ಮುಂದೆ ತೆರಿಗೆ ಅಧಿಕಾರಿ ಕಾಶಿನಾಥ ಸಾಹೇಬರು, ಕೈಯಲ್ಲಿ ಕೆಂಪು ಪೆನ್ನು. ಒಂದೊಂದೇ ನಂಬರು ಓದುವರು. ಮಾಲೀಕರ ಕಡೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳುವರು. ಮೊದಲ ಎಂಟರಲ್ಲಿ ಐದಕ್ಕೆ ಯಾರೋ ಒಬ್ಬರು ಬೆವರು ಒರೆಸುತ್ತ ಡಿಮಾಂಡ್ ಡ್ರಾಫ್ಟು ಹಿಡಿದು ಎದ್ದು ನಿಂತರು. ಸಾಹೇಬರು ಬೈದರು, ಕೆಂಪು ಗೆರೆ ಎಳೆದರು, ಮುಂದೆ ಹೋದರು. ಉಳಿಸಿಕೊಳ್ಳುವುದು ಇಷ್ಟು ಸುಲಭವೇ ಎಂದುಕೊಂಡಳು ವಿನೋದಿನಿ. ಅವಳು ಬಾಗಿಲನ್ನೇ ನೋಡುತ್ತಿದ್ದಳು.

ಒಂಬತ್ತನೇ ನಂಬರು ನಡೆಯುವಾಗ ದೂಜಣ್ಣ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಿಳಿ ಪಂಚೆ. ಹಾಲಿನ ತುಂಬ ಕಣ್ಣಾಡಿಸಿ ಹೆದರಿ ನಿಂತವನು, ಅವಳನ್ನು ಕಂಡದ್ದೇ ಸೀದಾ ಬಂದು ಪಕ್ಕದ ಕುರ್ಚಿಯಲ್ಲಿ ಕೂತ.

“ನೀನು ಬಂದಿಯಾ! ನನಗೋಸ್ಕರ ರಜೆ ಹಾಕಿದ್ಯಾ ಮಗಾ? ಬಜಾರಿನ ಹಿಂದಿ ಆದ್ರೆ ಹೇಗಾದ್ರೂ ಸುಧಾರಿಸ್ತೇನೆ. ಆಫೀಸಿನ ಮರಾಠಿ ಅಂದ್ರೆ ನನಗೆ ಕೈಕಾಲು ನಡುಗ್ತದೆ.” ಆಮೇಲೆ ದನಿ ತಗ್ಗಿಸಿ, “ಐದು ಸಾವಿರ ತಂದಿದ್ದೇನೆ, ಸಾಕಲ್ಲ? ಎಂತ ಜನ ಮಾರಾಯ್ತಿ! ಇಷ್ಟು ಜನಕ್ಕೂ ಎರಡೆರಡು ಇಡ್ಲಿ ಕೊಟ್ರೆ ಸಾಹೇಬ್ರು ಬೇಗ ಮುಗಿಸ್ತಿದ್ರು.”

ಅವಳ ಇನ್ನೊಂದು ಬದಿಯಲ್ಲಿ ಧನರಾಜ್ ಹರಾಜಿನ ನಂಬರು ಚೀಟಿಯನ್ನು ತೊಡೆಯ ಕೆಳಗೆ ಸರಿಸಿಕೊಂಡ.

ಹದಿನೇಳು ಬಂತು. ಸಾಹೇಬರು ಮಲ್ಲಕ್ಕನ ಹೆಸರು ಓದಿದ ಕೂಡಲೇ ದೂಜಣ್ಣ ನೆಟ್ಟಗಾದ. “ಅಕ್ಕನ ಹೆಸರು ಹೇಳಿದ್ರು! ಎಂತ ಕೇಳ್ತಿದ್ದಾರೆ?”

“ಮಲ್ಲಕ್ಕನ ಕಡೆಯವರು ಇದ್ದಾರಾ ಅಂತ,” ಅಂದಳು ವಿನೋದಿನಿ.

“ವಿನೂ,” ಅಂದ ಧನರಾಜ್ ಹಲ್ಲು ಕಚ್ಚಿ.

ದೂಜಣ್ಣ ಎದ್ದು, ರಾತ್ರಿ ಶಾಲೆಯಲ್ಲಿ ಹಾಜರಿ ಹೇಳುವವನ ಹಾಗೆ ಕೈಯೆತ್ತಿ, “ಉಂಟು!” ಅಂದ. ಹಾಲಿನಲ್ಲಿ ಕೆಲವರು ನಕ್ಕರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಪಕ್ಕದಲ್ಲಿದ್ದ ವಿನೋದಿನಿಗೆ ಮರಾಠಿಯಲ್ಲಿ ಅಂದರು: “ನಿಮಗೆ ಅವರ ಭಾಷೆ ಬರುತ್ತದೆಯೇ ತಾಯಿ? ಕೇಳಿ ನೋಡಿ, ಗಾಲಾ ಅವರದ್ದೇ?”

ಅವಳು ಕೇಳಿದಳು.

“ನಂದಲ್ಲ ಸಾಹೇಬ್ರೆ. ಅಕ್ಕಂದು. ಅಕ್ಕ ಇಲ್ಲ, ಹೋಗಿ ಏಳು ವರ್ಷ.”

ಅವಳು ಹಾಗೆಯೇ ಮರಾಠಿಗೆ ತಂದಳು.

“ಇವರಿಗೆ ಅದರಲ್ಲಿ ಹಕ್ಕೇನಾದರೂ?”

ಅವಳು ಅದನ್ನೂ ಕೇಳಿದಳು. ದೂಜಣ್ಣನ ಮುಖ ನಾಚಿಕೆಯಿಂದ ಕೆಂಪಾಯಿತು. ಇಷ್ಟು ಜನರ ಎದುರು ಅಕ್ಕನ ಆಸ್ತಿಗೆ ಕೈ ಹಾಕಿದವನೆಂಬ ಮಾತು ಬರಬಾರದು. “ಛೆ ಛೆ. ಹಕ್ಕು ಎಂತದ್ದು? ನಾನು ನೋಡಿಕೊಳ್ಳುವವ ಅಷ್ಟೇ.”

ಹೇಳಬಹುದಾದ್ದು ಬೇಕಾದಷ್ಟಿತ್ತು. ಅದು ಇವರ ದುಡಿಮೆಯಿಂದಲೇ ಕೊಂಡದ್ದು ಸಾಹೇಬರೇ. ಇವರ ಕಡೆ ಮನೆ ಹೆಣ್ಣಿನ ಹೆಸರಲ್ಲೇ ಇರುವುದು, ಅದಕ್ಕೆ ಹೀಗನ್ನುತ್ತಿದ್ದಾರೆ. ಸತ್ತವಳ ಕಾಗದ ಒಡೆಯಲು ಹಿಂಜರಿದವರು. ಒಂದು ವಾರ ಸಮಯ ಕೊಡಿ. ಎಲ್ಲ ವಾಕ್ಯಗಳೂ ಅವಳ ನಾಲಗೆಯ ತುದಿಯಲ್ಲಿ, ಒಳ್ಳೆಯ ಮರಾಠಿಯಲ್ಲಿ ಸಿದ್ಧವಾಗಿದ್ದವು.

“ಹಕ್ಕಿಲ್ಲ ಅನ್ನುತ್ತಾರೆ. ನೋಡಿಕೊಳ್ಳುತ್ತಿದ್ದಾರಂತೆ,” ಅಂದಳು.

ಸಾಹೇಬರು ಕೆಂಪು ಪೆನ್ನನ್ನು ಇನ್ನೂ ಎತ್ತಿ ಹಿಡಿದಿದ್ದರು. ಕೆಟ್ಟ ಮನುಷ್ಯರಲ್ಲ. “ಇರಲಿ. ಯಾರು ಕಟ್ಟಿದರೂ ನನಗೆ ನಡೆಯುತ್ತದೆ. ಬಾಕಿ ಹಣ ತುಂಬುತ್ತಾರಾ? ಸಂಜೆಯ ತನಕ ಬೇಕಾದರೆ ಕಾಯುತ್ತೇನೆ.”

ದೂಜಣ್ಣ ಅವಳ ಮುಖ ನೋಡುತ್ತ, ಅವಳು ಕೇಳಲೆಂದು ಕಾಯುತ್ತಿದ್ದ. ಧನರಾಜ್ ಕಣ್ಣು ಮುಚ್ಚಿಕೊಂಡಿದ್ದ. ಅವನ ಕೈ ತೊಡೆಯ ಕೆಳಗಿನ ಚೀಟಿಯ ಮೇಲಿತ್ತು.

“ನಾಹೀ,” ಅಂದಳು ವಿನೋದಿನಿ.

ಸಾಹೇಬರು ಪೆನ್ನು ಕೆಳಗಿಟ್ಟು ಸರಕಾರಿ ಬೆಲೆ ಕೂಗಿದರು. ಎದುರು ಸಾಲಿನ ಏಜೆಂಟನೊಬ್ಬ ಏರಿಸಿದ. ಧನರಾಜ್ ಚೀಟಿ ಎತ್ತಿದ. ಏಜೆಂಟ ಮತ್ತೆ ಏರಿಸಿದ, ಧನರಾಜ್ ಮತ್ತೆ. “ನಿನ್ನ ಗಂಡ ಯಾಕೆ ಕೈ ಎತ್ತುತ್ತಿದ್ದಾನೆ?” ಎಂದು ದೂಜಣ್ಣ ಕೇಳಿದ. ಲೆಕ್ಕದ ಮಾತು ಎಲ್ಲ ಭಾಷೆಯಲ್ಲೂ ತಿಳಿಯುತ್ತದೆ. ಮೂರನೇ ಸಲ ಚೀಟಿ ಮೇಲೇರಿದಾಗ ದೂಜಣ್ಣ ಅವಳ ಸೀರೆಗೆ ತಾಗುತ್ತಿದ್ದ ತನ್ನ ಮೊಣಕಾಲನ್ನು ಮೆಲ್ಲಗೆ ಆಚೆ ಸರಿಸಿಕೊಂಡ. ನಾಲ್ಕನೆಯದಕ್ಕೆ ಏಜೆಂಟ ಕೈ ಬಿಟ್ಟ.

ಸಹಿ, ಪಾವತಿಗೆಂದು ಧನರಾಜ್ ಒಳಗೆ ಹೋದ. ಮೆಟ್ಟಿಲಿನ ಹತ್ತಿರ ಅವಳು ದೂಜಣ್ಣನನ್ನು ಹಿಡಿದಳು. ತೂಗಿ ನೋಡದೆ, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬಾಕಿ ಎಷ್ಟು, ಕಾಗದದಲ್ಲಿ ಏನಿತ್ತು, ತಾವು ಅವತ್ತು ಯಾಕೆ ಬಂದದ್ದು. “ಹರಾಜು ಕಾಯಂ ಆಗ್ಲಿಕ್ಕೆ ಇನ್ನೂ ಮೂವತ್ತು ದಿನ ಉಂಟು ದೂಜಣ್ಣ. ಷರತ್ತಿನಲ್ಲೇ ಇದೆ. ಅಷ್ಟರೊಳಗೆ ಕಟ್ಟಿದ್ರೆ ಇದೆಲ್ಲ ರದ್ದಾಗ್ತದೆ. ನಾನೇ ಅರ್ಜಿ ಬರೆದು ಕೊಡ್ತೇನೆ.”

ಅವನು ತಾಳ್ಮೆಯಿಂದ ಕೇಳಿಸಿಕೊಂಡ. “ಅವತ್ತು ಆ ಕಾಗದದಲ್ಲಿ ಇಷ್ಟೂ ಇತ್ತಾ?”

“ಇತ್ತು.”

“ಕೊನೆಗೆ ಸಾಹೇಬ್ರು ಒಂದು ಕೇಳಿದ್ರು. ನೀವು ನನ್ನ ಹತ್ರ ಕೇಳ್ಲೇ ಇಲ್ಲ. ‘ನಾಹೀ’ ಅಂದ್ರೆ ನನಗೂ ಗೊತ್ತಾಗ್ತದೆ ತಾಯೀ. ಎಂತಕ್ಕೆ ನಾಹೀ ಅಂದದ್ದು?”

“ಬಾಕಿ ತುಂಬ್ತಾರಾ ಅಂತ ಕೇಳಿದ್ರು.”

ದೂಜಣ್ಣ ತಲೆದೂಗಿದ. ಜೇಬಿನ ಐದು ಸಾವಿರವನ್ನು ಒಮ್ಮೆ ಮುಟ್ಟಿ ನೋಡಿಕೊಂಡ. “ಈ ಹೊತ್ತಿಗೆ ಲೋಕಲು ಖಾಲಿ ಇರ್ತದೆ. ಹೊರಡಿ, ಮತ್ತೆ ರಶ್ ಆಗ್ತದೆ,” ಎಂದು ಹೇಳಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ.

ಮೂವತ್ತು ದಿನ ಫೋನು ಬಂದಾಗಲೆಲ್ಲ ಧನರಾಜ್ ಬೆಚ್ಚುತ್ತಿದ್ದ, ಮುದುಕ ಎಲ್ಲಿಂದಾದರೂ ಹಣ ತಂದು ಕಟ್ಟಿಬಿಟ್ಟನೇನೋ ಎಂದು. ವಿನೋದಿನಿಯೂ ಬೆಚ್ಚುತ್ತಿದ್ದಳು, ಕಟ್ಟಲಿಲ್ಲವೇನೋ ಎಂದು. ಅರ್ಜಿಯನ್ನು ಮರಾಠಿಯಲ್ಲಿ ಬರೆದು, ಅವನು ಹೆಬ್ಬೆರಳನ್ನಾದರೂ ಒತ್ತಲಿ, ಸಹಿಯನ್ನಾದರೂ ಹಾಕಲಿ ಎಂದು ಜಾಗ ಬಿಟ್ಟು, ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. ಎರಡು ಸಲ ಗಾಲಾದ ತನಕ ಹೋದಳು. ಎರಡು ಸಲವೂ ಶಟರಿಗೆ ಬೀಗ, ಪಕ್ಕದ ಗಾಲಾವೂ ಮುಚ್ಚಿತ್ತು. ಮೂವತ್ತೊಂದನೇ ದಿನ ಹರಾಜು ಕಾಯಂ ಆದ ಪತ್ರ ಬಂತು.

ಪತ್ರ ಹಿಡಿದು ಗಂಡ ಹೆಂಡತಿ ಹೋದಾಗ ಪಕ್ಕದ ಗಾಲಾದ ಮುಂದೆ ಪೆಟ್ಟಿಗೆ ಇಳಿಸುತ್ತಿದ್ದ ಹಮಾಲನೊಬ್ಬ ಕೈ ಒರೆಸಿಕೊಳ್ಳುತ್ತ ಬಂದ. ಯಾದಗಿರಿ ಕಡೆಯ ಮರೆಪ್ಪ.

“ದೂಜಪ್ಪಾರ ಗಾಲಾಕ್ಕ ಬಂದೀರೇನ್ರಿ? ಮುದುಕಪ್ಪ ಹೋಗಿ ತಿಂಗಳಾತು. ಅದೇನೋ ಆಫೀಸಿಗೆ ಹೋಗಿ ಬಂದ್ರಲ್ರಿ, ಅದರ ಮೂರನೇ ದಿನಾನ ಎಲ್ಲಾ ತೊಳದು ಬಳದು ಹೋದ್ರು. ಗ್ರೈಂಡರ್ ನನಗ ಇಟ್ಕೋ ಅಂದ್ರು. ನಾನೇನ್ ಮಾಡ್ಲಿರಿ ಅದನ್ನ? ಒಳಗ ಐತಿ.”

“ಎಲ್ಲಿಗೆ ಹೋದ್ರು?” ವಿನೋದಿನಿ ಕೇಳಿದಳು.

“ಹೇಳಿಲ್ರಿ. ಊರಿಗೇನ್ರಿ ಅಂದೆ. ಅಕ್ಕಾ ಇಲ್ಲದ ಊರಾಗ ಯಾರದಾರೋ ಅಂದ್ರು.” ಮರೆಪ್ಪ ಬನಿಯನಿನ ಒಳಗಿನಿಂದ ದಾರ ಎಳೆದು ಕೀಲಿ ತೆಗೆದ. “ಇದನ್ನ ಕೊಟ್ಟು ಒಂದು ಮಾತು ಹೇಳ್ಯಾರ. ನಮ್ಮ ಅಕ್ಕನ ಕಡಿ ಹೆಣಮಗಳೊಬ್ಬಾಕಿ ಬರ್ತಾಳ, ಓದಿದಾಕಿ, ಆಕಿ ಕೈಯಾಗಷ್ಟ ಕೊಡು, ಮತ್ತ್ಯಾರಿಗೂ ಕೊಡಬ್ಯಾಡ ಅಂತ. ನೀವೇನ್ರಿ ಅಕ್ಕಾರ, ಆ ಹೆಣಮಗಳು?”

“ಹೌದು ಮಾರಾಯ, ಇವಳೇ. ಕೊಡು,” ಎಂದು ಧನರಾಜ್ ಕೈ ಚಾಚಿದ.

ಮರೆಪ್ಪ ಕೀಲಿಯನ್ನು ಹಿಂದಕ್ಕೆ ಎಳೆದುಕೊಂಡ. “ಹಂಗಲ್ರಿ ಅಣ್ಣಾರ. ಮುದುಕಪ್ಪಗ ಮಾತು ಕೊಟ್ಟೀನಿ. ಅವ್ರೇ ಹೇಳ್ಲಿ.”

ಇಬ್ಬರೂ ಅವಳನ್ನು ನೋಡಿದರು. ಎಸ್ಟೇಟಿನ ಯಾವುದೋ ಗಾಲಾದಲ್ಲಿ ತಗಡು ಕೊಯ್ಯುವ ಸದ್ದು ಬರುತ್ತಿತ್ತು. ಅದು ನಿಲ್ಲಲೆಂದು ವಿನೋದಿನಿ ಕಾದಳು. ನಿಲ್ಲಲಿಲ್ಲ.

“ಹೌದು,” ಅಂದಳು.

ಮರೆಪ್ಪ ಕೀಲಿಯನ್ನು ಹಣೆಗೆ ಮುಟ್ಟಿಸಿ, ಎರಡೂ ಕೈಯಿಂದ ಅವಳ ಕೈಯಲ್ಲಿಟ್ಟ. ಧನರಾಜ್ ಅದನ್ನು ಅವಳಿಂದ ತೆಗೆದುಕೊಂಡು ಬೀಗ ಬಿಚ್ಚಿ ಶಟರು ಎತ್ತಿದ. ಒಲೆ ಎಲ್ಲಿ, ಸಿಂಕು ಎಲ್ಲಿ ಎಂದು ಹೆಜ್ಜೆ ಎಣಿಸಿ ಅಳೆಯತೊಡಗಿದ. “ಬಾ ವಿನೂ, ನಿನ್ನದೇ ಜಾಗ,” ಎಂದು ಒಳಗಿನಿಂದ ಕರೆದ. ಅವಳು ಹೊಸ್ತಿಲ ಹೊರಗೆ, ಪಾದರಕ್ಷೆ ಬಿಡುವ ಜಾಗದಲ್ಲಿ ಕೂತುಬಿಟ್ಟಿದ್ದಳು. ಅವನು ಮತ್ತೆ ಮತ್ತೆ ಕರೆದ.